ಮೂಗಿನಿಂದ ಇಳಿದದ್ದು ನೆಗಡಿಯಲ್ಲ

ಮೊದಲ ಹನಿ ಬಿದ್ದದ್ದು ಒಂದು ಕೆಂಪು ಖಣದ ಜಂಪರಿನ ಮೇಲೆ. ಮಳೆ ಹಿಡಿಯುವ ಮುಂಚಿನ ಕೊನೆಯ ಮದುವೆಗಳ ಗಡಿಬಿಡಿ. ಜಂಪರಿನ ಬೆನ್ನಿಗೆ ಒಳಗಿನಿಂದ ಅಸ್ತರ್ ಕೂಡಿಸಿ, ಮಷಿನ್ನಿನ ಸೂಜಿಯ ಕೆಳಗಿಟ್ಟು ಬಗ್ಗಿದ್ದೆ. ಬಲಗಡೆಯ ಮೂಗಿನಿಂದ ಟಪ್ ಎಂದು ಒಂದು ಹನಿ ಬಿತ್ತು. ಬೆವರು ಅಂದುಕೊಂಡು ಒರೆಸಿ ಮತ್ತೆ ಬಗ್ಗಿದೆ. ಇನ್ನೊಂದು ಹನಿ. ಆಗ ಗೊತ್ತಾಯಿತು, ಮೂಗು ಸೋರುತ್ತಿದೆ ಎಂದು. ಅದರಲ್ಲೇನು ವಿಶೇಷ? ಖಾನಾಪುರದಲ್ಲಿ ಮಳೆ ಶುರುವಾಗುವ ಹೊತ್ತಿಗೆ ಊರಿಗೆ ಊರೇ ಸೀನುತ್ತಿರುತ್ತದೆ.

ನಾನು ಮಂಜುಳಾ. ಮನೆಯ ಮುಂದಿನ ಕೋಣೆಯಲ್ಲೇ ಹೆಂಗಸರ ಬಟ್ಟೆ ಹೊಲಿಯುತ್ತೇನೆ. ಗಂಡ ಶಿವಾನಂದ ಲೈನ್‌ಮನ್. ಮಳೆಗಾಲದಲ್ಲಿ ಅವರು ಮನೆಯಲ್ಲಿರುವುದಕ್ಕಿಂತ ಕಂಬದ ಮೇಲಿರುವುದೇ ಹೆಚ್ಚು. ಮಗಳು ಸವಿತಾ ಆಗ ಪಿಯುಸಿಯಲ್ಲಿದ್ದಳು. ಅತ್ತೆ ಲಕ್ಕವ್ವ ನಮ್ಮ ಜೊತೆಗೇ ಇದ್ದಾರೆ. ಅವರ ತವರಿನವರು ಕಾಕತಿ ಕಡೆಯ ಕುರಿ ಸಾಕುವವರು. ಇಪ್ಪತ್ತು ವರ್ಷ ಒಂದೇ ಸೂರಿನಡಿ ಇದ್ದರೂ ಅತ್ತೆ ಮತ್ತು ನಾನು ದೊಡ್ಡ ಜಗಳ ಆಡಿದವರಲ್ಲ, ಹತ್ತಿರ ಬಂದವರೂ ಅಲ್ಲ. ಹಿಟ್ಟು ಎಷ್ಟು ಕಲಸಲಿ, ನೀರು ಬಂತಾ, ಬಾಗಿಲು ಹಾಕಿದೆಯಾ ಎನ್ನುವಷ್ಟಕ್ಕೇ ನಮ್ಮ ಮಾತು ಮುಗಿಯುತ್ತಿತ್ತು.

ಮಳೆಗಾಲ ಮುಗಿಯಿತು. ಊರಿನವರ ನೆಗಡಿಯೆಲ್ಲ ಹೋಯಿತು, ನನ್ನದು ಹೋಗಲಿಲ್ಲ. ಅಜವಾನ ಬಟ್ಟೆಯಲ್ಲಿ ಕಟ್ಟಿ ಮೂಸಿದೆ. ಅರಿಶಿನದ ಹೊಗೆ ತೆಗೆದುಕೊಂಡೆ. ಪೇಟೆಯ ಡಾಕ್ಟರು ಅಲರ್ಜಿ ಎಂದು ಗುಳಿಗೆ ಕೊಟ್ಟರು. ಗುಳಿಗೆಗೆ ನಿದ್ದೆ ಬಂತೇ ಹೊರತು ಮೂಗು ನಿಲ್ಲಲಿಲ್ಲ. ಸೀನಿಲ್ಲ, ಕೆಮ್ಮಿಲ್ಲ, ಮೂಗು ಕಟ್ಟುವುದೂ ಇಲ್ಲ. ನೆಟ್ಟಗೆ ಕೂತರೆ ಏನೂ ಇಲ್ಲ, ಬಗ್ಗಿದರೆ ಹನಿ. ಕಸ ಗುಡಿಸಲು ಬಗ್ಗಿದರೆ, ಕೊಡ ಎತ್ತಲು ಬಗ್ಗಿದರೆ, ತೊಡೆಯ ಮೇಲೆ ಬಟ್ಟೆ ಹಾಸಿಕೊಂಡು ಗುಂಡಿ ಹಚ್ಚಲು ಕೂತರೆ, ನೀರಿನಂಥ ತೆಳ್ಳಗಿನ ಹನಿ. ಅಂಗಾತ ಮಲಗಿದರೆ ಗಂಟಲಿನಲ್ಲಿ ಏನೋ ಉಪ್ಪುಪ್ಪಾಗಿ ಇಳಿಯುತ್ತಿತ್ತು. ಅದನ್ನು ಯಾರಿಗೂ ಹೇಳಲಿಲ್ಲ. ಹೇಳುವುದಾದರೂ ಏನೆಂದು?

ಹೊಲಿಗೆಯವಳ ಕೆಲಸವೇ ಬಗ್ಗುವುದು. ಗಿರಾಕಿಯ ರೇಷ್ಮೆಯ ಮೇಲೆ ಹನಿ ಬಿದ್ದರೆ ಕಲೆ. ಅಸ್ತರಿಗೆ ತಂದ ಬಿಳಿ ಕಾಟನ್ ಬಟ್ಟೆಯಲ್ಲಿ ಉಳಿದ ತುಂಡುಗಳನ್ನು ಕರವಸ್ತ್ರದಷ್ಟು ಕತ್ತರಿಸಿ ಮಷಿನ್ನಿನ ಪಕ್ಕದಲ್ಲಿ ಇಟ್ಟುಕೊಂಡೆ. ದಿನಕ್ಕೆ ಹತ್ತು ಹನ್ನೆರಡು ತುಂಡು ಒದ್ದೆಯಾಗುತ್ತಿದ್ದವು. ಸಂಜೆ ಅವನ್ನು ಬಚ್ಚಲಿನ ಬುಟ್ಟಿಯಲ್ಲಿ ಹಾಕಿದರೆ ಮರುದಿನ ಅತ್ತೆ ಒಗೆದು ಹಿತ್ತಲಿನ ತಂತಿಯ ಮೇಲೆ ಸಾಲಾಗಿ ಹರವುತ್ತಿದ್ದರು. ನಾನು ಒಗೆಯಲು ಹೋದರೆ ಬಕೆಟ್ ಕಸಿದುಕೊಳ್ಳುತ್ತಿದ್ದರು, ಮಾತಿಲ್ಲದೆ.

ನವರಾತ್ರಿ ಮುಗಿದ ಮೇಲೆ ನನ್ನ ಗಂಡನ ಅಣ್ಣನ ಮಗಳದು ಕುಬಸದ ಕಾರ್ಯ ಬಂತು. ಏಳು ತಿಂಗಳ ಬಸುರಿ. ಹಸಿರು ಸೀರೆ ಉಡಿಸಿ, ಕೈತುಂಬ ಹಸಿರು ಬಳೆ ಇಟ್ಟು ಮಣೆಯ ಮೇಲೆ ಕೂರಿಸಿದ್ದರು. ಉಡಿ ತುಂಬಲು ನನ್ನನ್ನು ಕರೆದರು. ಅಕ್ಕಿ, ಕೊಬ್ಬರಿ, ಉತ್ತತ್ತಿ ಹಿಡಿದು ಅವಳ ಮುಂದೆ ಬಗ್ಗಿದೆ. ತಡೆಯಲು ಕೈ ಖಾಲಿ ಇರಲಿಲ್ಲ. ಹನಿ ಅವಳ ಬಳೆಯ ಮೇಲೆ ಬಿತ್ತು.

ಯಾರೋ ಹಿಂದಿನಿಂದ, "ಯಾಕವಾ ಅಳಾಕತ್ತಿ? ಶುಭದಾಗ ಕಣ್ಣೀರ ಹಾಕಬಾರದು" ಅಂದರು. ಇನ್ನೊಬ್ಬಾಕೆ ಹತ್ತಿರದಿಂದ ನೋಡಿ, "ಕಣ್ಣೀರಲ್ಲ, ಮೂಗ. ನೆಗಡಿ ಇದ್ದಾಕಿ ಮುಂದ ಯಾಕ ಬರಬೇಕಿತ್ತು?" ಅಂದಳು. ಬಸುರಿ ಹುಡುಗಿ ಏನೂ ಆಗದವಳಂತೆ ಬಳೆಯನ್ನು ಸೆರಗಿನಿಂದ ಒರೆಸಿಕೊಂಡು, ನನ್ನ ಮುಖ ನೋಡಿ ನಕ್ಕಳು. ಆ ನಗು ಇರದಿದ್ದರೆ ಅಲ್ಲಿಂದ ನಡೆದುಕೊಂಡೇ ಮನೆಗೆ ಬರುತ್ತಿದ್ದೆನೇನೋ. ಊಟಕ್ಕೆ ಕೂರಲಿಲ್ಲ. ಬಡಿಸಲೂ ಯಾರೂ ಕರೆಯಲಿಲ್ಲ.

ಮರುದಿನ ಬೆಳಿಗ್ಗೆ ಒಲೆ ಹಚ್ಚಲು ಹೋದರೆ ಅತ್ತೆ ಆಗಲೇ ಹಿಟ್ಟು ನಾದುತ್ತಿದ್ದರು.

"ಇನ್ನ ಮ್ಯಾಲೆ ಒಲಿ ಕಡೆ ನೀ ಬರಬ್ಯಾಡ. ರೊಟ್ಟಿ ನಾ ಬಡೀತೇನಿ."

ಅಷ್ಟೇ ಹೇಳಿದ್ದು. ಹೇಸಿಗೆಯಾಯಿತು ಇವರಿಗೆ ಎಂದುಕೊಂಡೆ. ನನ್ನ ಬಟ್ಟೆ ತುಂಡುಗಳನ್ನು ಬೇರೆ ಬಕೆಟ್ಟಿನಲ್ಲಿ ಒಗೆಯುವುದನ್ನೂ ನೋಡಿದ್ದೆ. ಮುಂದಿನ ಕೋಣೆಗೆ ಬಂದು ಮಷಿನ್ನಿನ ಮುಂದೆ ಕೂತೆ. ಹೊಲಿಯಲಿಲ್ಲ. ನನ್ನ ಮನೆಯಲ್ಲೇ ನಾನು ಮುಟ್ಟಬಾರದವಳಾದೆ ಎನ್ನುವುದೊಂದೇ ತಲೆಯಲ್ಲಿ ತಿರುಗುತ್ತಿತ್ತು. ಇದನ್ನು ಬರೆಯುತ್ತಿರುವುದೂ ಅದಕ್ಕಾಗಿಯೇ. ರೋಗದ ಹೆಸರು ತಿಳಿಯುವ ಮುಂಚಿನ ಆ ತಿಂಗಳುಗಳು ಎಷ್ಟು ಒಂಟಿ ಎಂಬುದು ಹೆಸರು ತಿಳಿದ ಮೇಲೆ ಮರೆತುಹೋಗುತ್ತದೆ. ಎಲ್ಲೋ ಇನ್ನೊಬ್ಬಳು ಮೂಗಿಗೆ ಬಟ್ಟೆ ಹಿಡಿದುಕೊಂಡು ಹೀಗೇ ಗೋಡೆ ನೋಡುತ್ತ ಕೂತಿರಬಹುದು.

ಅತ್ತೆ ಒಂದು ದಿನ ಹಿತ್ತಲಿನಿಂದ ಕೂಗಿದರು. ಒಣಗಿದ ತುಂಡುಗಳನ್ನು ತಂತಿಯಿಂದ ತೆಗೆಯುತ್ತಿದ್ದರು.

"ಮಂಜುಳಾ, ಇಲ್ಲಿ ಬಾ. ಈ ಅರಿವಿ ಮುಟ್ಟಿ ನೋಡು."

"ಏನಾಗೇತಿ ಅತ್ತಿ?"

"ಏನೂ ಆಗಿಲ್ಲ, ಅದಕ್ಕ ಕರದೆ. ಇದು ಇನ್ನೂ ಒಗೆದಿಲ್ಲ, ನಿನ್ನೆ ಬುಟ್ಟಿಯಿಂದ ಬಿದ್ದಿತ್ತು, ಹಂಗ ಒಣಗೇತಿ. ನೆಗಡಿ ಒರಸಿದ ಅರಿವಿ ಒಣಗಿದ್ರ ಹಪ್ಪಳ ಆಗತೈತಿ. ಶಿವ್ಯಾ ಸಣ್ಣಾಂವ ಇದ್ದಾಗ ಅವಂದು ಒಗದೇನಿ, ನಿನ್ನ ಮಗಳದೂ ಒಗದೇನಿ. ಇದು ನೋಡು, ಬರೇ ನೀರಾಗ ಅದ್ದಿ ಒಣ ಹಾಕಿದಂಗ ಐತಿ."

ಬೆರಳಿನಲ್ಲಿ ಹಿಡಿದು ನೋಡಿದೆ. ಬಟ್ಟೆ ಮುಟ್ಟಿಯೇ ಬದುಕಿದವಳು ನಾನು. ಕಣ್ಣು ಮುಚ್ಚಿಕೊಂಡು ಮುಟ್ಟಿದರೂ ಇದು ಮಲ್ಲು, ಇದು ಪಾಪ್ಲಿನ್ ಎಂದು ಹೇಳಬಲ್ಲೆ. ನಾಲ್ಕು ತಿಂಗಳು ದಿನವೂ ಮೂಗಿಗೆ ಒತ್ತಿಕೊಂಡ ಬಟ್ಟೆ ಒಣಗಿದ ಮೇಲೂ ಮೆತ್ತಗೇ ಇದೆಯೆಂಬುದು ನನ್ನ ಬೆರಳಿಗೆ ಹೊಳೆದಿರಲಿಲ್ಲ.

"ಮತ್ತ ಏನ ಇದು ಅತ್ತಿ?"

"ನನಗೇನ ಗೊತ್ತವಾ. ನೆಗಡಿ ಮಾತ್ರ ಅಲ್ಲ. ಬೆಳಗಾವಿಗೆ ಹೋಗೂಣು. ಮೂಗಿನ ದೊಡ್ಡ ಡಾಕ್ಟರಿಗೆ ತೋರಸೂಣು."

ಸೋಮವಾರ ಮೂವರೂ ಬಸ್ಸು ಹತ್ತಿದೆವು. ಗಂಡ ರಜೆ ಹಾಕಿದ್ದರು. ಅತ್ತೆಯ ಚೀಲದಲ್ಲಿ ರೊಟ್ಟಿ, ಶೇಂಗಾ ಚಟ್ನಿ, ಒಗೆಯದ ಒಂದು ಬಟ್ಟೆ ತುಂಡು ಇದ್ದವು. ಆಸ್ಪತ್ರೆಯ ಹೊರಕೋಣೆಯಲ್ಲಿ ಕುರ್ಚಿಗಳೆಲ್ಲ ತುಂಬಿದ್ದವು. ಕಿವಿಗೆ ಹತ್ತಿ ಇಟ್ಟುಕೊಂಡವರು, ಗಂಟಲಿಗೆ ಮಫ್ಲರ್ ಸುತ್ತಿಕೊಂಡವರು. ಮರಾಠಿಯಲ್ಲೊಮ್ಮೆ ಕನ್ನಡದಲ್ಲೊಮ್ಮೆ ಹೆಸರು ಕೂಗುತ್ತಿದ್ದರು. ನಮ್ಮ ಪಾಳಿ ಬರಲು ಮಧ್ಯಾಹ್ನವಾಯಿತು.

ಡಾಕ್ಟರ್ ನನ್ನ ವಯಸ್ಸಿನ ಹೆಂಗಸು. "ಬರ್ರಿ, ಕುಂದರ್ರಿ" ಎಂದು, ನಾನು ನೆಗಡಿ ಎನ್ನುವಷ್ಟರಲ್ಲಿ ಕೇಳಿದರು.

"ಒಂದ ಕಡೆಯಿಂದ ಅಷ್ಟ ಸೋರತೈತೋ, ಎರಡೂ ಕಡೆಯಿಂದನೋ?"

"ಬಲಗಡೆ ಅಷ್ಟ ರೀ."

"ಎಡಗಡೆ ಒಮ್ಮಿನೂ ಇಲ್ಲ?"

"ಇಲ್ರಿ."

"ಮಲಗಿದಾಗ ಗಂಟಲದಾಗ ಉಪ್ಪುಪ್ಪ ಅನಸತೈತೇನ್ರಿ?"

ನಾನು ಅವರ ಮುಖವನ್ನೇ ನೋಡಿದೆ. ಯಾರಿಗೂ ಹೇಳದೆ ಇಟ್ಟುಕೊಂಡಿದ್ದನ್ನು ಈಕೆ ಹೇಗೆ ಬಲ್ಲಳು? ಹೂಂ ಅಂದೆ.

"ಒರಸಿಕೊಂಡ ಅರಿವಿ ಒಣಗಿದ ಮ್ಯಾಲೆ ಬಿರುಸ ಆಗತೈತೇನ್ರಿ?"

ನಾನು ಬಾಯಿ ತೆರೆಯುವ ಮುಂಚೆ ಹಿಂದಿನಿಂದ ಅತ್ತೆ, "ಇಲ್ಲವಾ ಇಲ್ಲ. ಮೆತ್ತಗ ಇರತೈತಿ. ಅದನ್ನ ನೋಡೇ ಕರಕೊಂಡ ಬಂದೇವಿ" ಎಂದು ಚೀಲದಿಂದ ತುಂಡನ್ನು ತೆಗೆದು ಮೇಜಿನ ಮೇಲೆ ಇಟ್ಟರು.

ಡಾಕ್ಟರ್ ಪೆನ್ನು ಕೆಳಗಿಟ್ಟರು. "ಅಜ್ಜಿ, ನಿಮಗ ಇದನ್ನ ಯಾರ ಹೇಳಿದ್ರು?"

"ಯಾರ ಹೇಳಬೇಕು? ಒಗ್ಯಾಕಿ ನಾನ."

ಆಮೇಲೆ ನನ್ನ ಕೈಗೆ ಒಂದು ಪುಟ್ಟ ಬಾಟಲಿ ಬಂತು. ಹನಿ ಹಿಡಿದು ಕೊಡಬೇಕು, ಪರೀಕ್ಷೆಗೆ ಕಳಿಸುತ್ತಾರೆ. ಕಾರಿಡಾರಿನ ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತು ತಲೆ ಬಗ್ಗಿಸಿದೆ. ಗಂಡ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತು, ಬಾಟಲಿಯನ್ನು ನನ್ನ ಮೂಗಿನ ಕೆಳಗೆ ಹಿಡಿದರು. ಬೇಡವೆಂದಾಗ ಧಾರಾಳವಾಗಿ ಬೀಳುತ್ತಿದ್ದ ಹನಿ ಬೇಕೆಂದಾಗ ಬರಲಿಲ್ಲ. ನಮ್ಮ ಇಬ್ಬರ ಮುಖದ ನಡುವೆ ಗೇಣು ಜಾಗವಿತ್ತು. ಮದುವೆಯಾದ ಮೇಲೆ ಅಷ್ಟು ಹೊತ್ತು, ಅಷ್ಟು ಹತ್ತಿರದಿಂದ ಅವರ ಮುಖ ನೋಡಿದ್ದು ನೆನಪಿಲ್ಲ. ಹುಬ್ಬಿನಲ್ಲಿ ಎರಡು ಬಿಳಿ ಕೂದಲು ಬಂದಿದ್ದವು.

"ಒಂದ ಆತು," ಅಂದರು. ಸ್ವಲ್ಪ ಹೊತ್ತಾದ ಮೇಲೆ, "ಎರಡ."

ಕಸ ಹೊಡೆಯುತ್ತ ಬಂದ ಹೆಂಗಸು ನಿಂತು, "ಏನ ಕಳಕೊಂಡೀರಿ? ಹುಡುಕಲೇನು?" ಎಂದು ಕೇಳಿದಳು. ನನಗೆ ನಗು ಬಂತು. ನಕ್ಕಾಗ ಮೂರು ಹನಿ ಒಟ್ಟಿಗೇ ಬಿದ್ದವು. "ಹಿಂಗ ನಗಸ್ರಿ ಅಕ್ಕಾರ, ಲಗೂನ ತುಂಬತೈತಿ" ಎಂದು ಗಂಡ ಆಕೆಗೆ ಹೇಳಿದರು.

ವಾರದ ಮೇಲೆ ವರದಿ ಬಂತು. ಸ್ಕ್ಯಾನಿಂಗ್ ಆಯಿತು. ಡಾಕ್ಟರ್ ಮೂವರನ್ನೂ ಕೂರಿಸಿಕೊಂಡು ಹೇಳಿದರು: ಇದು ಮೂಗಿನ ನೀರಲ್ಲ. ಮೆದುಳಿನ ಸುತ್ತ, ಬೆನ್ನುಹುರಿಯ ಸುತ್ತ ತಿಳಿನೀರು ಇರುತ್ತದೆ. ಮೆದುಳು ಅದರಲ್ಲೇ ತೇಲಿಕೊಂಡಿರುತ್ತದೆ. ಮೂಗಿನ ಮೇಲ್ಗಡೆ, ಮೆದುಳಿಗೆ ನೆಲದಂತಿರುವ ಎಲುಬು ಕಾಗದದಷ್ಟು ತೆಳು. ಒಳಗಿನ ಒತ್ತಡಕ್ಕೆ ಅಲ್ಲಿ ಸಣ್ಣ ತೂತು ಬಿದ್ದು ಆ ನೀರು ಕೆಳಗೆ ಇಳಿಯುತ್ತಿದೆ.

ಗಂಡ ಅಂಗಿಯ ಗುಂಡಿಯನ್ನು ಹಾಕುತ್ತ ತೆಗೆಯುತ್ತ ಕೂತರು. ನನಗೆ ಕಾಣಿಸಿದ್ದು ಕುಬಸದ ದಿನದ ಆ ಹನಿ. ನಾನು ನಾಚಿಕೆಯಿಂದ ಒರೆಸಿ ಎಸೆದದ್ದೆಲ್ಲ ನನ್ನ ಮೆದುಳಿನ ನೀರೇ? ಇಷ್ಟು ತಿಂಗಳು ಸೋರಿದ ಮೇಲೆ ಒಳಗೆ ಏನು ಉಳಿದೀತು?

ಅತ್ತೆಯ ಭಯ ಬೇರೆಯೇ ಇತ್ತು. ಮುಂದೆ ಬಗ್ಗಿ ಮೆಲ್ಲಗೆ ಕೇಳಿದರು.

"ನಮ್ಮ ತವರಮನ್ಯಾಗ ಕುರಿಗೆ ಹಿಂಗ ಆಗತಿತ್ರಿ. ತಲ್ಯಾಗ ನೀರ ತುಂಬಿ ನಿಂತಲ್ಲೇ ಸುತ್ತತಿದ್ದುವು. ಸುತ್ತಿ ಸುತ್ತಿ ಬೀಳತಿದ್ದುವು. ಒಂದೂ ಉಳೀಲಿಲ್ಲ. ಇಕಿನೂ..."

ಅವರು ಅಷ್ಟು ದಿನ ಯಾವುದನ್ನು ಮನಸ್ಸಿನಲ್ಲಿಟ್ಟುಕೊಂಡು ನನ್ನನ್ನು ನೋಡುತ್ತಿದ್ದರೆಂದು ಆಗ ತಿಳಿಯಿತು.

"ಅದು ಬ್ಯಾರೆ ರೀ ಅಜ್ಜಿ. ಅದು ಹುಳದಿಂದ ಆಗೂ ಗುಳ್ಳಿ. ಈ ನೀರ ರೋಗ ಅಲ್ಲ. ಎಲ್ಲಾರ ತಲ್ಯಾಗೂ ಇರತೈತಿ. ದಿನಾ ಹೊಸಾದು ಹುಟ್ಟತೈತಿ, ಹಳೇದು ಹೀರಿಕೊಂಡ ಹೋಗತೈತಿ. ಇಕಿದು ಖಾಲಿ ಆಗೂದಿಲ್ಲ. ನಿಮ್ಮ ತಲ್ಯಾಗೂ ಐತಿ."

"ನನ್ನ ತಲ್ಯಾಗೂ?" ಅತ್ತೆ ಸೆರಗಿನ ಮೇಲಿಂದ ತಲೆ ಮುಟ್ಟಿ ನೋಡಿಕೊಂಡರು.

"ಹೌದ್ರಿ. ನೀರ ಇರೂದು ತೊಂದರಿ ಅಲ್ಲ. ತೂತ ತೊಂದರಿ. ನೀರ ಕೆಳಗ ಬರೂ ದಾರಿಯಿಂದ ಸೋಂಕು ಮ್ಯಾಲೆ ಹೋಗತೈತಿ. ಅದಕ್ಕ ಮುಚ್ಚಬೇಕು."

ಮೂಗಿನೊಳಗಿಂದಲೇ ದುರ್ಬೀನು ಹಾಕಿ, ತೊಡೆಯಿಂದ ಸ್ವಲ್ಪ ಕೊಬ್ಬು, ಸ್ನಾಯುವಿನ ಮೇಲಿನ ಪೊರೆ ತೆಗೆದು ಅಲ್ಲಿ ತೇಪೆ ಹಚ್ಚುತ್ತಾರಂತೆ. ತೇಪೆ ಅಂದ ಕೂಡಲೇ ನನಗೆ ತುಸು ಧೈರ್ಯ ಬಂತು. ನನಗೆ ಗೊತ್ತಿರುವ ಕೆಲಸ.

"ಹೊಲಿಗಿ ಎಂಥಾದ ಹಾಕತೀರಿ ಮೇಡಂ?"

"ಅಲ್ಲಿ ಸೂಜಿ ಹೋಗೂದಿಲ್ರಿ. ಅಂಟಸತೇವಿ. ಆಮ್ಯಾಲೆ ಮೈ ತಾನ ಹಿಡಕೋತೈತಿ."

ಬಂದ ಧೈರ್ಯ ಹಾಗೇ ಹೋಯಿತು. ಹೊಲಿಗೆ ಹಾಕದ ತೇಪೆ ಎಷ್ಟು ದಿನ ನಿಂತೀತು? ಬಸ್ಸಿನಲ್ಲಿ ಕೋಟೆಯ ಕಂದಕ ದಾಟುವಾಗ, ಪೀರನವಾಡಿ ದಾಟುವಾಗ ಅದನ್ನೇ ಯೋಚಿಸುತ್ತಿದ್ದೆ. ಯಾರಾದರೂ ಅಂಟಿಸಿದ ತೇಪೆಯ ಜಂಪರು ತಂದರೆ ಬಿಚ್ಚಿ ಬಿಸಾಕಿ ಹೊಸದಾಗಿ ಹೊಲಿದು ಕೊಡುವವಳು ನಾನು.

ಆಪರೇಷನ್ನಿಗೆ ದಿನ ಗೊತ್ತಾಗಿತ್ತು. ಡಾಕ್ಟರ್ ಒಂದು ಮಾತು ಗಟ್ಟಿಯಾಗಿ ಹೇಳಿ ಕಳಿಸಿದ್ದರು: ಜ್ವರ ಬಂದು ತಲೆ ಸಿಡಿದು ಕುತ್ತಿಗೆ ಬಿಗಿದರೆ ಒಂದು ತಾಸೂ ಕಾಯಬೇಡಿ. ಇನ್ನು ಐದು ದಿನವಿರುವಾಗ ಬೆಳಿಗ್ಗೆ ಎದ್ದರೆ ಮೈ ಕೆಂಡ. ಗದ್ದವನ್ನು ಎದೆಗೆ ತಾಗಿಸಿ ನೋಡೆಂದು ಸವಿತಾ ಹೇಳಿದಳು. ತಾಗಿಸಲು ಹೋದೆ, ನೋವಾಯಿತು. ಅವಳು ಫೋನಿನಲ್ಲಿ ಎಲ್ಲವನ್ನೂ ಓದಿಕೊಂಡಿದ್ದಳು. ನಾನು ಓದಬಾರದೆಂದು ನನ್ನ ಫೋನನ್ನು ಹಿಟ್ಟಿನ ಡಬ್ಬಿಯ ಹಿಂದೆ ಬಚ್ಚಿಟ್ಟವಳೂ ಅವಳೇ. ಅವಳ ಮುಖ ನೋಡಿಯೇ ನನಗೆ ಹೆದರಿಕೆಯಾಯಿತು.

ಗಂಡ ಕೆಲಸದ ಮೇಲಿಂದ ಓಡಿ ಬಂದರು. ಸೊಂಟದ ಬೆಲ್ಟು ಬಿಚ್ಚಿರಲಿಲ್ಲ. ಅದರಲ್ಲಿ ಇಕ್ಕಳ, ಸ್ಕ್ರೂಡ್ರೈವರ್ ಹಾಗೇ ಇದ್ದವು. ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ಅತ್ತೆಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದೆ. ದೇಸೂರು ದಾಟಿದ್ದು, ಬೆಳಗಾವಿ ಬಂದದ್ದು ಏನೂ ನೋಡಲಿಲ್ಲ. ಅವರ ಕೈ ನನ್ನ ಹಣೆಯ ಮೇಲಿತ್ತು. ಸೋಡಾ ಪುಡಿಯಲ್ಲಿ ಬಟ್ಟೆ ಒಗೆದು ಒಗೆದು ಬಿರುಸಾದ ಕೈ. ಮಕ್ಕಳಿಗೆ ಮಾಡುವಂತೆ ಹುಬ್ಬನ್ನು ತೀಡುತ್ತಲೇ ಇದ್ದರು.

ಆಸ್ಪತ್ರೆಯಲ್ಲಿ, ಬೆನ್ನಿನಿಂದ ಅದೇ ನೀರು ತೆಗೆದು ಸೋಂಕು ತಗುಲಿದೆಯೇ ಎಂದು ನೋಡಬೇಕೆಂದರು. ಬೆನ್ನಿಗೆ ಸೂಜಿ ಎಂದು ಕೇಳಿಯೇ ನನ್ನ ಕಾಲು ಸೆಟೆದವು. ಮಗ್ಗುಲಾಗಿ ಮಲಗಿಸಿದರು. ವಯಸ್ಸಾದ ಮರಾಠಿ ನರ್ಸ್ ಒಬ್ಬರು ಎದುರಿಗೆ ಬಂದು ನನ್ನ ತಲೆಯನ್ನೂ ಮೊಣಕಾಲನ್ನೂ ಒಟ್ಟಿಗೆ ತಬ್ಬಿ ಹಿಡಿದರು.

"ಹೊಟ್ಟಿ ಒಳಗಿನ ಕೂಸ ಹೆಂಗ ಮಲಗತೈತಿ? ಹಂಗ ಮುದುಡ್ರಿ. ನನ್ನ ಕಡೆ ನೋಡ್ರಿ. ಹೆಸರೇನ ಮಗಳಂದು?"

"ಸವಿತಾ."

"ಏನ ಓದತಾಳ?"

ಹೇಳುತ್ತಿರುವಾಗ ಬೆನ್ನಿನಲ್ಲಿ ಚುರುಕ್ ಎಂದಿತು, ಆಮೇಲೆ ಬರೀ ಒತ್ತಿದಂತೆ. ನರ್ಸ್ ನನ್ನ ಕಿವಿಯ ಹತ್ತಿರ, "ಝಾಲಂ, ಝಾಲಂ, ಮುಗೀತ ಅವ್ವಿ" ಎನ್ನುತ್ತಿದ್ದರು. ಮುಗಿದಿರಲಿಲ್ಲ, ಅವರಿಗೂ ಗೊತ್ತಿತ್ತು. ಆದರೂ ಆ ಮಾತಿನಿಂದ ನಾನು ಮುದುಡಿಯೇ ಉಳಿದೆ.

ಸೂಜಿ ಚುಚ್ಚಿದ ಚಿಕ್ಕ ವಯಸ್ಸಿನ ಡಾಕ್ಟರ್ ನೀರು ಹಿಡಿದ ಕೊಳವೆಯನ್ನು ನನ್ನ ಕಣ್ಣ ಮುಂದೆ ಹಿಡಿದ. "ನೋಡ್ರಿ, ತಿಳಿ ಐತಿ. ಮಬ್ಬ ಆಗಿಲ್ಲ. ಲ್ಯಾಬಿನಿಂದ ಬರೂತನಕಾ ಖಾತ್ರಿ ಹೇಳಾಕ ಆಗೂದಿಲ್ಲ, ಆದರ ನೋಡಾಕ ಚೊಲೊ ಐತಿ." ಕಿಟಕಿಯ ಬೆಳಕು ಅದರ ಮೂಲಕ ಹಾದು ಬರುತ್ತಿತ್ತು. ನನ್ನದೇ ನೀರು. ಅದನ್ನು ನೋಡಿ ಹೇಸಿಗೆಯಾಗಲಿಲ್ಲ. ಮೊದಲ ಸಲ.

ವರದಿಗಾಗಿ ಮಧ್ಯಾಹ್ನದವರೆಗೆ ಕಾದೆವು. ನನ್ನನ್ನು ಅಲುಗದಂತೆ ಮಲಗಿಸಿದ್ದರು. ಗಂಡ ಬಾಗಿಲ ತನಕ ಹೋಗಿ ಬರುತ್ತಿದ್ದರು. ಬೆಲ್ಟಿನ ಇಕ್ಕಳ ಪ್ರತಿ ಹೆಜ್ಜೆಗೂ ಸದ್ದು ಮಾಡುತ್ತಿತ್ತು. ಸವಿತಾ ಚಹಾ ತಂದಳು, ಅತ್ತೆ ಮುಟ್ಟಲಿಲ್ಲ. ಎರಡು ಗಂಟೆಗೆ ಮೂಗಿನ ಡಾಕ್ಟರೇ ಬಂದರು. "ಸೋಂಕು ಇಲ್ರಿ. ಬರೇ ಹವಾ ಬದಲಾಗಿ ಬಂದ ಜ್ವರ." ಆಗ ಅತ್ತೆ ಆರಿಹೋದ ಚಹಾವನ್ನು ಎತ್ತಿ ಒಂದೇ ಗುಟುಕಿಗೆ ಕುಡಿದು, "ಭಾಳ ರುಚಿ ಐತಿ" ಅಂದರು. ಅದರ ಮೇಲೆ ಕೆನೆ ಕಟ್ಟಿತ್ತು.

ಜ್ವರ ಇಳಿದ ಮೇಲೆ, ಹತ್ತು ದಿನ ತಡವಾಗಿ ಆಪರೇಷನ್ ಆಯಿತು. ಅದರ ಬಗ್ಗೆ ಹೇಳಲು ನನಗೆ ಹೆಚ್ಚು ಗೊತ್ತಿಲ್ಲ. ಎಚ್ಚರವಾದಾಗ ಮೂಗಿನ ತುಂಬ ಬಟ್ಟೆ ತುರುಕಿದ್ದರು, ಬಾಯಿಯಲ್ಲಿ ಉಸಿರು, ತುಟಿ ಒಣಗಿ ಒಡೆದಿತ್ತು. ತೊಡೆಯ ಗಾಯ ಮೂಗಿಗಿಂತ ಹೆಚ್ಚು ನೋಯುತ್ತಿತ್ತು. ಸವಿತಾ ಹತ್ತಿಯನ್ನು ನೀರಿನಲ್ಲಿ ಅದ್ದಿ ತುಟಿಗೆ ಹಚ್ಚುತ್ತಿದ್ದಳು. ಹಾಸಿಗೆಯ ತಲೆಗಡೆ ಎತ್ತರಿಸಿ ಮಲಗಿಸಿದ್ದರು. ಮೂರನೆಯ ದಿನ ಬಟ್ಟೆ ತೆಗೆದರು. ಮೂಗಿನಿಂದ ಗಾಳಿ ಹೋದದ್ದು ಎಷ್ಟು ತಣ್ಣಗಿತ್ತೆಂದರೆ, ಮತ್ತೆ ನೀರೇ ಇಳಿಯಿತೆಂದು ಬೆದರಿ ಕೈ ಒಡ್ಡಿದೆ. ಬರೀ ಗಾಳಿ.

ಮನೆಗೆ ಕಳಿಸುವಾಗ ನಿಯಮಗಳ ದೊಡ್ಡ ಪಟ್ಟಿಯನ್ನೇ ಕೊಟ್ಟರು. ಮೂರು ತಿಂಗಳು ಬಗ್ಗಬಾರದು. ಭಾರ ಎತ್ತಬಾರದು. ಮೂಗು ಸೀಟಬಾರದು. ತಿಣುಕಬಾರದು. ಸೀನು ಬಂದರೆ ತಡೆಯದೆ ಬಾಯಿ ತೆರೆದು ಸೀನಬೇಕು. ಸವಿತಾ ಅದನ್ನು ದಪ್ಪ ಅಕ್ಷರದಲ್ಲಿ ಬರೆದು ಅಡುಗೆಮನೆಯ ಬಾಗಿಲಿಗೆ ಅಂಟಿಸಿದಳು. ಓದಲು ಬಾರದ ಅತ್ತೆ ಅದನ್ನು ಎಲ್ಲರಿಗಿಂತ ಚೆನ್ನಾಗಿ ಪಾಲಿಸಿದರು. ಒಗ್ಗರಣೆಯ ಘಾಟಿಗೆ ನನಗೆ ಸೀನು ಬಂದೀತೆಂದು ಹಿತ್ತಲಿನಲ್ಲಿ ಮೂರು ಕಲ್ಲು ಹೂಡಿ, ಮೆಣಸಿನಕಾಯಿ ಹುರಿಯುವುದು, ಒಗ್ಗರಣೆ ಹಾಕುವುದು ಎಲ್ಲವನ್ನೂ ಅಲ್ಲೇ ಮಾಡುತ್ತಿದ್ದರು. ಗಾಳಿ ಮನೆಯ ಕಡೆ ತಿರುಗಿದರೆ, "ಬಾಗಲಾ ಹಾಕ್ರಿ, ಬಾಗಲಾ!" ಎಂದು ಕೂಗುತ್ತಿದ್ದರು.

ತಲೆಯೊಳಗಿನ ನೀರಿನ ಒತ್ತಡ ಕಡಿಮೆ ಮಾಡುವ ಒಂದು ಗುಳಿಗೆ ಕೊಟ್ಟಿದ್ದರು. ಅದರಿಂದ ಬೆರಳ ತುದಿ ಜುಮುಜುಮು ಎನ್ನುತ್ತಿತ್ತು. ಸೂಜಿ ಹಿಡಿದರೆ ಹಿಡಿದದ್ದೇ ತಿಳಿಯುತ್ತಿರಲಿಲ್ಲ. ಬಂದ ಬಟ್ಟೆಗಳನ್ನು ಗಿರಾಕಿಗಳಿಗೆ ಹಾಗೇ ಮರಳಿ ಕೊಟ್ಟೆ. ಅದನ್ನು ಕೊಡುವಾಗ ಆದಷ್ಟು ಸಂಕಟ ಆಸ್ಪತ್ರೆಯಲ್ಲಿ ಆಗಿರಲಿಲ್ಲ.

ದಿನ ಬಿಟ್ಟು ದಿನ ಅತ್ತೆ ನನ್ನನ್ನು ಕುರ್ಚಿಯ ಮೇಲೆ ನೆಟ್ಟಗೆ ಕೂರಿಸಿ, ಹಿಂದಿನಿಂದ ನೀರು ಹಾಕಿ ತಲೆ ತೊಳೆಯುತ್ತಿದ್ದರು. ಆಮೇಲೆ ಎದುರಿಗೆ ನೆಲದ ಮೇಲೆ ಕೂತು ಕಾಲು ತಿಕ್ಕುತ್ತಿದ್ದರು. ಅತ್ತೆಯ ಕೈಯಿಂದ ಕಾಲು ತೊಳೆಸಿಕೊಳ್ಳುವುದು! ಒಂದು ದಿನ ಹಿಂಜರಿದು ಕಾಲು ಎಳೆದುಕೊಂಡೆ.

"ಬ್ಯಾಡ ಅತ್ತಿ. ಮದಲ ನಿಮಗ ನನ್ನ ಕಂಡ್ರ ಹೇಸಿಕಿ ಬಂದಿತ್ತು. ಈಗ ಇದೂ ಮಾಡಬೇಕೇನು?"

ಅಷ್ಟು ತಿಂಗಳು ನುಂಗಿಕೊಂಡದ್ದು ಬಾಯಿಂದ ಬಂದೇಬಿಟ್ಟಿತು. ಅತ್ತೆ ತೊಯ್ದ ಕೈಯಲ್ಲೇ ನನ್ನ ಪಾದ ಹಿಡಿದು ಮೇಲೆ ನೋಡಿದರು.

"ಯಾವಾಗ ಬಂದಿತ್ತು?"

"ಒಲಿ ಕಡೆ ಬರಬ್ಯಾಡ ಅಂದ್ರಲ್ಲ. ನನ್ನ ಅರಿವಿನೂ ಬ್ಯಾರೆ ಒಗೀತಿದ್ರಿ."

"ಹುಚ್ಚಿ," ಅಂದರು. "ಹೇಸಿಕಿ ಬಂದಿದ್ರ ನಾ ಕೈಲೆ ಒಗೀತಿದ್ನೇನು? ಬಗ್ಗಿದ್ರ ಸೋರತಿತ್ತು. ರೊಟ್ಟಿ ಬಡ್ಯಾಕ ಬಗ್ಗಬೇಕಾಗತೈತಿ. ಅದಕ್ಕ ಬ್ಯಾಡ ಅಂದೆ. ಬ್ಯಾರೆ ಒಗದಿದ್ದು, ಬಿಳೀ ಅರಿವಿ, ಬಣ್ಣ ಹತ್ತಬಾರದಂತ. ಮಾರಿಗಿ ಒರಸಿಕೊಳ್ಳೂದಲ್ಲ?"

ಅವರು ಮತ್ತೆ ತಲೆ ಬಗ್ಗಿಸಿ ಹಿಮ್ಮಡಿ ತಿಕ್ಕತೊಡಗಿದರು. ನನ್ನ ತುಟಿಗೆ ಉಪ್ಪು ತಾಗಿತು. ತೇಪೆ ಬಿಚ್ಚಿತೆಂದೇ ತಿಳಿದೆ. ಮೂಗು ಮುಟ್ಟಿಕೊಂಡೆ, ಒಣಗಿತ್ತು. ಕೆನ್ನೆ ಮಾತ್ರ ಒದ್ದೆಯಾಗಿತ್ತು.

ಆ ಭಯ ಅಷ್ಟು ಬೇಗ ಬಿಡುವುದಿಲ್ಲ ಎಂಬುದನ್ನೂ ಹೇಳಬೇಕು. ಪ್ರತಿ ಬೆಳಿಗ್ಗೆ ಎದ್ದ ಕೂಡಲೇ ದಿಂಬು ಮುಟ್ಟಿ ನೋಡುತ್ತಿದ್ದೆ. ಒಮ್ಮೆ ಊಟದ ನಡುವೆ ಸೀನು ಬಂದೇಬಂತು. ಬಾಯಿ ತೆರೆದು ಸೀನಿದೆ. ನಾಲ್ವರ ಕೈಗಳೂ ತಟ್ಟೆಯಲ್ಲೇ ನಿಂತವು. ಎಲ್ಲರೂ ನನ್ನ ಮೂಗನ್ನೇ ನೋಡುತ್ತಿದ್ದರು. ಏನೂ ಬೀಳಲಿಲ್ಲ. ಗಂಡ, "ಪಲ್ಲೆ ಹಾಕು," ಎಂದು ಮಗಳಿಗೆ ಹೇಳಿ ಉಣ್ಣತೊಡಗಿದರು.

ಮೂರು ತಿಂಗಳಿಗೆ ಮೂವರೂ ಮತ್ತೆ ಬೆಳಗಾವಿಗೆ ಹೋದೆವು. ಡಾಕ್ಟರ್ ದುರ್ಬೀನು ಹಾಕಿ ನೋಡಿದರು. ತೇಪೆ ಹಿಡಿದುಕೊಂಡಿದೆ, ಸುತ್ತಲಿನ ಮೈಗೂ ಅದಕ್ಕೂ ಗೆರೆ ಕೂಡ ಕಾಣುತ್ತಿಲ್ಲ ಎಂದರು. ಮುಂದೆ ಎಂದೂ ಸೋರುವುದಿಲ್ಲವೇ ಎಂದು ಕೇಳಿದೆ. "ಹಂಗ ಬರದು ಕೊಡಾಕ ಆಗೂದಿಲ್ರಿ. ಆರ ತಿಂಗಳಿಗೊಮ್ಮೆ ಬರ್ರಿ, ತೂಕ ಸ್ವಲ್ಪ ಇಳಸ್ರಿ, ತಲ್ಯಾಗಿನ ಒತ್ತಡ ಕಡಿಮಿ ಆಗತೈತಿ, ಗುಳಿಗಿ ನಾ ಹೇಳಿದಾಗ ಬಿಡ್ರಿ. ಆದರ ಇನ್ನ ಬಗ್ಗಬಹುದು, ಹೊಲೀಬಹುದು. ಅಂಜಬ್ಯಾಡ್ರಿ." ಅವರೇನೋ ಹೇಳಿದರು. ಈಗಲೇ ಬೇಡ, ನಾಳೆ ಮನೆಯಲ್ಲಿ ಮೆಲ್ಲಗೆ ಬಗ್ಗಿ ನೋಡಿದರಾಯಿತು ಎಂದುಕೊಂಡು ಕುತ್ತಿಗೆ ನೆಟ್ಟಗೆ ಇಟ್ಟುಕೊಂಡೇ ಹೊರಗೆ ಬಂದೆ.

ಹೊರಕೋಣೆಯಲ್ಲಿ ಅತ್ತೆ ಬೆಂಚಿನ ಮೇಲೆ ಕಾಲು ಮಡಚಿ ಕೂತಿದ್ದರು. ನನ್ನ ಮುಖ ನೋಡಿ ಲಗುಬಗೆಯಿಂದ ಇಳಿಯಲು ಹೋದರು. ಒಂದು ಚಪ್ಪಲಿ ಸಿಕ್ಕಿತು. ಇನ್ನೊಂದನ್ನು ಯಾರದೋ ಕಾಲು ಬೆಂಚಿನ ಕೆಳಗೆ ದೂರ ತಳ್ಳಿತ್ತು. ಅವರು ಬರಿಗಾಲಿನಲ್ಲಿ ತಡಕಾಡುತ್ತಿದ್ದರು.

ನಾನು ಬಗ್ಗಿದೆ. ಯೋಚಿಸಿ ಬಗ್ಗಿದ್ದಲ್ಲ. ಮೊಣಕಾಲೂರಿ, ಬೆಂಚಿನ ಕೆಳಗೆ ತಲೆ ಹಾಕಿ, ಕೈ ಚಾಚಿ ಚಪ್ಪಲಿಯನ್ನು ಎಳೆದುಕೊಂಡು ಅವರ ಪಾದದ ಮುಂದೆ ಇಟ್ಟೆ. ಆಗ ಗಂಡ, "ಏ, ಏ!" ಎಂದದ್ದು ಕೇಳಿಸಿತು. ತಲೆ ಎತ್ತಲು ಹೋದೆ.

"ಹಂಗ ಇರು," ಅಂದರು ಅತ್ತೆ. "ಹಂಗ ಇರು, ಏಳಬ್ಯಾಡ."

ಅಂಗೈಯನ್ನು ಬೊಗಸೆ ಮಾಡಿ ನನ್ನ ಮೂಗಿನ ಕೆಳಗೆ ಹಿಡಿದರು. ಸುತ್ತಲಿನವರು ನೋಡುತ್ತಿದ್ದರು. ಒಳಗಿನಿಂದ ಯಾವುದೋ ಹೆಸರನ್ನು ಎರಡು ಸಲ ಕೂಗಿದರು. ನಾನು ನೆಲದ ಮೇಲೆ, ತಲೆ ತಗ್ಗಿಸಿಕೊಂಡು, ಆ ಬಿರುಸು ಅಂಗೈಯ ಗೆರೆಗಳನ್ನೇ ನೋಡುತ್ತ ಕೂತಿದ್ದೆ. ನನ್ನ ಉಸಿರು ಅದಕ್ಕೆ ತಾಗಿ ಮರಳಿ ನನ್ನ ಮುಖಕ್ಕೇ ಬರುತ್ತಿತ್ತು.

ಅತ್ತೆ ಕೈ ತೆಗೆದು, ಬೆಳಕಿಗೆ ಹಿಡಿದು, ಆ ಕಡೆ ಈ ಕಡೆ ತಿರುಗಿಸಿ ನೋಡಿದರು. ಆಮೇಲೆ ಅದೇ ಒಣ ಕೈಯನ್ನು ನನಗೆ ಕೊಟ್ಟು, "ಏಳು," ಅಂದರು. "ಬಸ್ ತಪ್ಪತೈತಿ."